ಟ್ರಿಪ್ ಆಗುವುದು ನಿಂತಿತು, ವಾಸನೆ ಶುರುವಾಯಿತು

ಮೈಸೂರಿನ ಕುವೆಂಪುನಗರದಲ್ಲಿ ಒಂದು ಮನೆ. ಕೆಳಗಿನ ಮನೆ ಕಟ್ಟಿ 25 ವರ್ಷವಾಗಿದೆ, ಮೇಲೆ ಮಹಡಿ ಎಬ್ಬಿಸಿ 10 ವರ್ಷ. ಡಿಬಿ ಬಾಕ್ಸ್, ಅಂದರೆ ಮೀಟರಿನಿಂದ ಬಂದ ಕರೆಂಟನ್ನು ಮನೆಯ ಲೈನುಗಳಿಗೆ ಹಂಚುವ ಪೆಟ್ಟಿಗೆ, ಇರುವುದು ಮೆಟ್ಟಿಲ ಕೆಳಗೆ. ಅದು ಕಾಣಿಸಬಾರದು ಅಂತ ಮೇಲೊಂದು ಕ್ಯಾಲೆಂಡರ್ ತೂಗುಹಾಕಿದ್ದರು. ಫೋನ್ ಮಾಡಿದವರು ನಿವೃತ್ತ ಟೀಚರ್. "ಬೆಳಿಗ್ಗೆ ಹೊತ್ತು ಮೆಟ್ಟಿಲ ಹತ್ತಿರ ಮೀನಿನ ವಾಸನೆ ಬರ್ತಾ ಇದೆ. ನಮ್ಮನೇಲಿ ಯಾರೂ ಮೀನು ತಿನ್ನಲ್ಲ" ಎಂದರು.

ಕರೆಂಟಿನ ಕೆಲಸ ಮಾಡುವವರಿಗೆ ಆ ಒಂದು ಮಾತು ಸಾಕು. ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬಿದ್ದು, ಅಂದರೆ ಟ್ರಿಪ್ ಆಗಿ, ಲೈನ್ ಕಡಿಯುವ ಸ್ವಿಚ್ಚು), ಸಾಕೆಟ್, ಸ್ವಿಚ್ಚುಗಳ ಪ್ಲಾಸ್ಟಿಕ್ ಜಾಸ್ತಿ ಬಿಸಿಯಾದಾಗ ಎಷ್ಟೋ ಸಲ ಬರುವುದು ಮೀನಿನಂಥ ವಾಸನೆಯೇ. ಸುಟ್ಟ ರಬ್ಬರಿನ ವಾಸನೆ ಬರುವುದು ಆಮೇಲೆ. "ಅಮ್ಮ, ನಾನು ಬರೋವರೆಗೂ ಗೀಸರ್ ಹಾಕಬೇಡಿ, ಇಸ್ತ್ರಿಪೆಟ್ಟಿಗೆಯೂ ಬೇಡ" ಎಂದು ಹೇಳಿ ಹೊರಟೆ.

ಹೋಗಿ ವಿಚಾರಿಸಿದಾಗ ಕತೆ ಬಿಚ್ಚಿಕೊಂಡಿತು. ಒಂದು ವರ್ಷದ ಹಿಂದೆ ಅವರ ಮನೆಯಲ್ಲಿ ದಿನಾ ಬೆಳಿಗ್ಗೆ ಒಂದು ಎಂಸಿಬಿ ಬೀಳುತ್ತಿತ್ತು. ಎತ್ತಿದರೆ ನಿಲ್ಲುತ್ತಿತ್ತು, ಕಾಲು ಗಂಟೆ ಬಿಟ್ಟು ಮತ್ತೆ ಬೀಳುತ್ತಿತ್ತು. ಸ್ಕೂಲಿಗೆ ಹೊರಡುವ ಮೊಮ್ಮಕ್ಕಳು, ಆಫೀಸಿಗೆ ಹೊರಡುವ ಮಗ ಸೊಸೆ. ಆ ಗಡಿಬಿಡಿಯಲ್ಲಿ ಬಿಸಿನೀರು ಇಲ್ಲ ಅಂದರೆ ಮನೆಯೆಲ್ಲ ರಂಪ. ಯಾರನ್ನೋ ಕರೆಸಿದರು. ಬಂದವನು 16 ಆಂಪಿನ ಎಂಸಿಬಿ ತೆಗೆದು 32 ಆಂಪಿಂದು ಹಾಕಿ ಹೋದ. "ಆಮೇಲೆ ಒಂದು ಸಲವೂ ಬಿದ್ದಿಲ್ಲ ನೋಡಿ" ಎಂದರು ಟೀಚರ್. ಅವರ ದನಿಯಲ್ಲಿ ಆಗಲೂ ಸಮಾಧಾನವಿತ್ತು. ನನಗೆ ಮಾತ್ರ ಎದೆ ಧಸಕ್ಕೆಂದಿತು.

ಲೆಕ್ಕ ನೋಡಿ. ಕೆಳಗಿನ ಬಚ್ಚಲಿನ ಗೀಸರ್ 2 ಕಿಲೋವ್ಯಾಟ್. ಮಹಡಿ ಕಟ್ಟಿದಾಗ ಮೇಲಿನ ಬಚ್ಚಲಿಗೂ ಒಂದು 2 ಕಿಲೋವ್ಯಾಟ್ ಗೀಸರ್ ಬಂತು. ಅದಕ್ಕೆ ಡಿಬಿಯಿಂದ ಹೊಸ ವೈರ್ ಎಳೆಯಲಿಲ್ಲ, ಕೆಳಗಿನ ಗೀಸರ್ ಲೈನಿನಿಂದಲೇ ಕವಲು ತೆಗೆದರು. ಮೇಲಿನ ಕೋಣೆಯ ದೊಡ್ಡ ಸಾಕೆಟ್ಟೂ ಅದೇ ಲೈನಿಗೆ ಸೇರಿತು. ಅಲ್ಲಿ ದಿನಾ ಬೆಳಿಗ್ಗೆ 1 ಕಿಲೋವ್ಯಾಟಿನ ಇಸ್ತ್ರಿಪೆಟ್ಟಿಗೆ. ಮೂರೂ ಒಟ್ಟಿಗೆ ಓಡಿದರೆ 5 ಕಿಲೋವ್ಯಾಟ್. 230 ವೋಲ್ಟಿನಲ್ಲಿ ಅದು ಸುಮಾರು 21.7 ಆಂಪ್. 16 ಆಂಪಿನ ಎಂಸಿಬಿ ಅದನ್ನು ಸ್ವಲ್ಪ ಹೊತ್ತು ಸಹಿಸಿಕೊಂಡು ಆಮೇಲೆ ಬೀಳುತ್ತಿತ್ತು. ಅದನ್ನು ಮಾಡಿರುವುದೇ ಅದಕ್ಕೆ.

ಎಂಸಿಬಿ ಒಳಗೆ ಎರಡು ಕಾವಲುಗಾರರಿದ್ದಾರೆ. ಒಂದು, ಎರಡು ಲೋಹ ಬೆಸೆದ ಪಟ್ಟಿ. ಕರೆಂಟ್ ಜಾಸ್ತಿಯಾದಷ್ಟೂ ಅದು ಬಿಸಿಯಾಗಿ ಬಾಗುತ್ತದೆ, ಬಾಗಿ ಬಾಗಿ ಕೊನೆಗೆ ಲಿವರನ್ನು ಬೀಳಿಸುತ್ತದೆ. ಇದಕ್ಕೆ ಸಮಯ ಬೇಕು. ಇನ್ನೊಂದು, ತಾಮ್ರದ ಸುರುಳಿ. ಕರೆಂಟ್ ತರುವ ಫೇಸೂ ಅದು ವಾಪಸ್ ಹೋಗುವ ನ್ಯೂಟ್ರಲ್ಲೂ ನೇರ ತಾಗಿ ಶಾರ್ಟ್ ಆದಾಗ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳಿಸುತ್ತದೆ. ಮನೆಗಳಲ್ಲಿ ಜಾಸ್ತಿ ಬಳಸುವ ಸಿ ಕರ್ವ್ ಎಂಬ ಬಗೆಯ ಎಂಸಿಬಿಯಲ್ಲಿ ಈ ಸುರುಳಿ ಏಳುವುದು ಎಂಸಿಬಿ ಮೇಲೆ ಬರೆದ ಆಂಪಿನ 5ರಿಂದ 10 ಪಟ್ಟು ಕರೆಂಟ್ ಹರಿದಾಗ. ನಿಧಾನದ ಪಟ್ಟಿಗೂ ಒಂದು ಲೆಕ್ಕವಿದೆ. ಬರೆದ ಆಂಪಿನ 1.13 ಪಟ್ಟು ಹರಿದರೆ ಒಂದು ಗಂಟೆಯವರೆಗೆ ಬೀಳಬಾರದು, 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಅಂದರೆ 32 ಆಂಪಿನ ಎಂಸಿಬಿ 36 ಆಂಪನ್ನು ಗಂಟೆಗಟ್ಟಲೆ ಸುಮ್ನೆ ಬಿಡಬಹುದು. ಅದು ಎಂಸಿಬಿಯ ತಪ್ಪಲ್ಲ.

ಈಗ ವೈರಿನ ಕಡೆ ಬನ್ನಿ. ಆ ಗೀಸರ್ ಲೈನಿನದು 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್. ಪೈಪಿನೊಳಗೆ ಅದು ಹೊರುವುದು ಸುಮಾರು 20 ಆಂಪ್. ಅದೇ ಪೈಪಿನಲ್ಲಿ ಬೇರೆ ವೈರುಗಳೂ ಇಡುಕಿರಿದಿದ್ದರೆ ಇನ್ನೂ ಕಡಿಮೆ. ಮೇಲಿನ ಮಹಡಿಗೆ ಎಳೆದ ಕವಲು ಇನ್ನೂ ತೆಳುವು, 1.5 ಸ್ಕ್ವೇರ್ ಎಂಎಂ. ಅದು ಹೊರುವುದು ಸುಮಾರು 15 ಆಂಪ್. ವೈರಿನ ಮೇಲಿನ ಪಿವಿಸಿ ಹೊದಿಕೆ ಮಾಮೂಲಿ ಬಳಕೆಯಲ್ಲಿ 70 ಡಿಗ್ರಿ ಬಿಸಿಯವರೆಗೆ ಮಾತ್ರ. ಬಿಸಿ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. 15 ಆಂಪ್ ಹೊರುವ ವೈರಿನಲ್ಲಿ 36 ಆಂಪ್ ಹರಿದರೆ ಬಿಸಿ ಎರಡೂವರೆ ಪಟ್ಟಲ್ಲ, ಐದು ಪಟ್ಟಿಗೂ ಮಿಕ್ಕಿ ಹುಟ್ಟುತ್ತದೆ. ಗೋಡೆಯೊಳಗೆ, ಕಣ್ಣಿಗೆ ಕಾಣದ ಕಡೆ.

ಎಂಸಿಬಿ ಇರುವುದು ಮೊದಲು ವೈರನ್ನು ಕಾಯುವುದಕ್ಕೆ. ಆ ಲೈನಿನ ಅತಿ ತೆಳುವಾದ ವೈರ್ ಎಷ್ಟು ಹೊರುತ್ತದೋ ಅದಕ್ಕಿಂತ ದೊಡ್ಡ ಎಂಸಿಬಿ ಅಲ್ಲಿರಬಾರದು. 1.5 ವೈರಿಗೆ 10 ಆಂಪ್, 2.5 ವೈರಿಗೆ 16, 4 ಸ್ಕ್ವೇರ್ ಎಂಎಂ ವೈರಿಗೆ 20 ಅಥವಾ 25. ನಾನು ಹಾಕುವುದು ಹೀಗೆ. "ಗೀಸರ್ ಹಾಕಿದರೆ ಬೀಳುತ್ತೆ, ಸ್ವಲ್ಪ ದೊಡ್ಡದು ಹಾಕಿಬಿಡಿ" ಎಂದು ಯಾರಾದರೂ ಕೇಳಿದರೆ ನಾನು ವೈರ್ ನೋಡದೆ ಕೈ ಹಾಕುವುದಿಲ್ಲ. ಇದಕ್ಕೆ ಕಾನೂನೂ ಇದೆ. ಮನೆಯ ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರೇ ಮಾಡಿಸಬೇಕು ಎನ್ನುತ್ತದೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಾಯಿಸುವುದಕ್ಕೆ ರಿಯಾಯಿತಿ ಉಂಟು. ಆದರೆ ಒಂದು ಷರತ್ತು, ಬದಲಾಯಿಸಿದ್ದರಿಂದ ವೈರಿಂಗಿನ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗಬಾರದು. 16 ತೆಗೆದು 32 ಹಾಕುವುದು ಆ ಗೆರೆಯನ್ನು ದಾಟಿದ ಕೆಲಸ.

ಮೇನ್ ಆಫ್ ಮಾಡಿ ಡಿಬಿಯ ಮುಚ್ಚಳ ತೆಗೆದೆ. ಇಲ್ಲೊಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಮೇನ್ ಆಫ್ ಮಾಡಿದರೂ ಮೀಟರಿನಿಂದ ಬರುವ ವೈರ್ ಸೇರುವ ಟರ್ಮಿನಲ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಮೇನ್ ಆಫ್ ಮಾಡಿದ ಕೂಡಲೇ ಅದು ಏಳುತ್ತದೆ, ಡಿಬಿಯ ಅರ್ಧ ವೈರುಗಳಿಗೆ ಮತ್ತೆ ಕರೆಂಟ್ ಬರುತ್ತದೆ. ಆದ್ದರಿಂದ ಕೆಲಸ ಗೊತ್ತಿಲ್ಲದವರು ಆ ಒಳ ಮುಚ್ಚಳದ ಸ್ಕ್ರೂ ಬಿಚ್ಚಲೇಬಾರದು. ನಿಯಾನ್ ಟೆಸ್ಟರ್ ಇಟ್ಟು ನೋಡುತ್ತೇನೆ ಅನ್ನುವವರಿಗೂ ಇದೇ ಮಾತು. ಪಕ್ಕದ ವೈರಿನ ಪ್ರಭಾವಕ್ಕೆ ಸತ್ತ ವೈರಿನಲ್ಲೂ ಅದು ಮಿಣುಕುತ್ತದೆ, ನ್ಯೂಟ್ರಲ್ ಕಿತ್ತುಹೋಗಿದ್ದರೆ ಎರಡು ತೂತಿನಲ್ಲೂ ಉರಿಯುತ್ತದೆ, ಬಿಸಿಲಲ್ಲಿ ಉರಿದದ್ದು ಕಾಣುವುದೇ ಇಲ್ಲ. ಅದನ್ನು ನಂಬಿ ಕೈ ಇಟ್ಟು ಶಾಕ್ ಹೊಡೆಸಿಕೊಂಡ ಹುಡುಗರನ್ನು ನಾನು ನೋಡಿದ್ದೇನೆ.

ಒಳಗೆ ಆ 32 ಆಂಪಿನ ಎಂಸಿಬಿಯ ಕೆಳಗಿನ ಟರ್ಮಿನಲ್ ಕಂದು ಬಣ್ಣಕ್ಕೆ ತಿರುಗಿತ್ತು. ವೈರಿನ ಕೆಂಪು ಹೊದಿಕೆ ಒಂದೂವರೆ ಇಂಚು ಕಪ್ಪಾಗಿ ಸೆಡೆತಿತ್ತು. ಬೆರಳಲ್ಲಿ ಒತ್ತಿದರೆ ಪುಡಿಯಾಗಿ ಉದುರಿತು. ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದೆ, ಸ್ಕ್ರೂ ಮುಕ್ಕಾಲು ಸುತ್ತು ಒಳಗೆ ಹೋಯಿತು. ಅಷ್ಟು ಸಡಿಲ.

ಈ ಸಡಿಲ ಜಾಯಿಂಟಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಡಿಬಿಯಲ್ಲಿ ನನಗೆ ಸಿಗುವ ತೊಂದರೆಗಳಲ್ಲಿ ಇದೇ ಜಾಸ್ತಿ. ಮತ್ತೆ ಇದನ್ನು ಎಂಸಿಬಿ ಹಿಡಿಯುವುದೇ ಇಲ್ಲ. ಗಟ್ಟಿಯಾಗಿ ಕೂತ ಟರ್ಮಿನಲ್‌ನಲ್ಲಿ ತಡೆ ಇಲ್ಲವೇನೋ ಅನ್ನುವಷ್ಟು ಕಡಿಮೆ. ಸಡಿಲವಾದರೆ ತಾಮ್ರ ಅಲ್ಲಲ್ಲಿ ಮಾತ್ರ ತಾಗುತ್ತದೆ, ತಡೆ ಏರುತ್ತದೆ. ಒಂದು ಓಂನ ಹತ್ತನೇ ಒಂದು ಭಾಗ, ಅಂದರೆ 0.1 ಓಂ ತಡೆ ಎಂದಿಟ್ಟುಕೊಳ್ಳಿ. 4 ಆಂಪ್ ಹರಿದಾಗ ಅಲ್ಲಿ ಹುಟ್ಟುವ ಬಿಸಿ 1.6 ವ್ಯಾಟ್. ಗೊತ್ತೇ ಆಗುವುದಿಲ್ಲ. ಒಂದು ಗೀಸರಿನ 8.7 ಆಂಪ್ ಹರಿದಾಗ ಏಳೂವರೆ ವ್ಯಾಟ್. ಈ ಮನೆಯ 21.7 ಆಂಪ್ ಹರಿದಾಗ 47 ವ್ಯಾಟ್! ರೇಡಿಯೋ ರಿಪೇರಿಯವರು ಬೆಸುಗೆ ಹಾಕುವ ಐರನ್ ಸಾಮಾನ್ಯವಾಗಿ 25 ವ್ಯಾಟಿಂದು. ಅಂಥ ಎರಡು ಐರನ್‌ಗಳನ್ನು ಹೆಸರುಕಾಳಿನಷ್ಟು ಜಾಗಕ್ಕೆ ಒತ್ತಿ ಹಿಡಿದಂತೆ. ಇಷ್ಟಾದರೂ ಲೈನಿನಲ್ಲಿ ಕರೆಂಟ್ ಜಾಸ್ತಿಯಾಗಿರುವುದಿಲ್ಲ, ತಡೆ ಸೇರಿದ್ದರಿಂದ ಕೂದಲೆಳೆಯಷ್ಟು ಕಡಿಮೆಯೇ ಆಗಿರುತ್ತದೆ. ಕರೆಂಟ್ ಎಣಿಸುವ ಎಂಸಿಬಿಗೆ ಇದು ಹೇಗೆ ತಿಳಿಯಬೇಕು? ಬಿಸಿಯಾದ ತಾಮ್ರದ ಮೇಲೆ ಕಪ್ಪು ಪದರ ಕಟ್ಟುತ್ತದೆ, ತಡೆ ಇನ್ನೂ ಏರುತ್ತದೆ, ಬಿಸಿ ಇನ್ನೂ ಏರುತ್ತದೆ.

ಸಡಿಲವಾಗುವುದಕ್ಕೆ ಕಾರಣ ಒಂದಲ್ಲ. ಮೊದಲ ದಿನವೇ ಸರಿಯಾಗಿ ಬಿಗಿಯದೆ ಇರುವುದು ಒಂದು. ದಿನಾ ಬಿಸಿಯಾಗಿ ಹಿಗ್ಗಿ, ತಣ್ಣಗಾಗಿ ಕುಗ್ಗಿ ಸ್ಕ್ರೂ ಹಿಡಿತ ತಪ್ಪುವುದು ಇನ್ನೊಂದು. ಒಂದೇ ಟರ್ಮಿನಲ್‌ಗೆ ಒಂದು ದಪ್ಪ, ಒಂದು ತೆಳು ವೈರ್ ಒಟ್ಟಿಗೆ ತುರುಕಿದರೆ ಸ್ಕ್ರೂ ದಪ್ಪನೆಯದನ್ನು ಹಿಡಿಯುತ್ತದೆ, ತೆಳುವಿನದು ಸುಮ್ನೆ ಒರಗಿಕೊಂಡಿರುತ್ತದೆ. ಹೊದಿಕೆ ಸಾಕಷ್ಟು ಸುಲಿಯದೆ ಪ್ಲಾಸ್ಟಿಕ್ ಸಮೇತ ಸ್ಕ್ರೂ ಕೆಳಗೆ ಸೇರಿಸುವವರಿದ್ದಾರೆ. ಎಂಸಿಬಿಯಲ್ಲಿ ವೈರನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪಿನ ಒಳಗೆ ಹೋಗಬೇಕಾದ ವೈರ್ ಅದರ ಹಿಂದೆ ಹೋಗಿ ಕೂರುವುದೂ ಉಂಟು. ಸ್ಕ್ರೂ ಬಿಗಿದಂತೆ ಅನಿಸುತ್ತದೆ, ಹಿಡಿದಿರುವುದು ಬರೀ ಗಾಳಿಯನ್ನು. ಅದಕ್ಕೇ ನಾನು ಬಿಗಿದ ಮೇಲೆ ಪ್ರತಿ ವೈರನ್ನೂ ಒಮ್ಮೆ ಎಳೆದು ನೋಡುತ್ತೇನೆ. ಎಳೆ ಎಳೆಯಾದ ತಾಮ್ರದ ವೈರಿಗೆ ತುದಿಯಲ್ಲಿ ಲಗ್ ಎಂಬ ಲೋಹದ ಟೋಪಿ ಹಾಕಿ, ಒತ್ತಿ ಕ್ರಿಂಪ್ ಮಾಡಿಯೇ ಸೇರಿಸುತ್ತೇನೆ. ಒಂದು ಲಗ್ಗಿಗೆ ಕೆಲವೇ ರೂಪಾಯಿ. ಹಳೆ ಮನೆಗಳಿಗೆ ಹೊರಗಿನಿಂದ ಬರುವ ವೈರ್ ಅಲ್ಯೂಮಿನಿಯಂ ಇದ್ದರೆ ಅದನ್ನು ತಾಮ್ರಕ್ಕೆ ನೇರವಾಗಿ ತಿರುಚಿ ಸೇರಿಸಬಾರದು. ಥಂಡಿ ತಾಗಿದರೆ ಅಲ್ಯೂಮಿನಿಯಂ ಬೂದಿಯಂತೆ ಸವೆಯುತ್ತದೆ. ಎರಡೂ ಲೋಹ ಸೇರುವ ಕಡೆ ಹಾಕುವುದಕ್ಕೆಂದೇ ಬೇರೆ ಲಗ್ ಸಿಗುತ್ತದೆ.

ಒಮ್ಮೆ ಸುಟ್ಟ ಟರ್ಮಿನಲ್ಲನ್ನು ಬರೀ ಬಿಗಿದು ಬಂದರೆ ಕೆಲಸ ಮುಗಿಯುವುದಿಲ್ಲ. ಕಪ್ಪಾದ ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಬೇಕು. ಬೆಂದ ಎಂಸಿಬಿಯನ್ನು ಬಿಸಾಡಬೇಕು. ಒಳಗಿನ ಪಟ್ಟಿ ಅಷ್ಟು ಬಿಸಿ ತಿಂದ ಮೇಲೆ ಅದರ ಲೆಕ್ಕವನ್ನು ನಾನು ನಂಬುವುದಿಲ್ಲ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಡಿಬಿಯ ಎಡತುದಿಯಲ್ಲಿ 40 ಆಂಪ್ ಹೊರುವ, 30 ಮಿಲಿಆಂಪ್ ಸೋರಿದರೆ ಕಡಿಯುವ ಆರ್‌ಸಿಸಿಬಿ ಕೂತಿತ್ತು. ಜನ ಇದನ್ನು ಇಎಲ್‌ಸಿಬಿ ಎಂದೇ ಕರೆಯುವುದು. ನೋಡಲು ಎಲ್ಲ ಸರಿ. ಆದರೆ ಅದರ ಮೇಲಿನ ಟರ್ಮಿನಲ್‌ನಿಂದ ಕೆಳಗಿನದಕ್ಕೆ ಎರಡು ತುಂಡು ವೈರ್ ಕಟ್ಟಿದ್ದರು, ಫೇಸಿಗೊಂದು, ನ್ಯೂಟ್ರಲ್‌ಗೊಂದು. ಅಂದರೆ ಬೈಪಾಸ್. ಆರ್‌ಸಿಸಿಬಿ ಇದ್ದೂ ಇಲ್ಲದಂತೆ.

ಆರ್‌ಸಿಸಿಬಿ ಮಾಡುವ ಕೆಲಸ ಎಂಸಿಬಿಯದಲ್ಲ. ಫೇಸಿನಲ್ಲಿ ಎಷ್ಟು ಕರೆಂಟ್ ಹೋಯಿತು, ನ್ಯೂಟ್ರಲ್‌ನಲ್ಲಿ ಎಷ್ಟು ವಾಪಸ್ ಬಂತು ಎಂದು ಅದು ತೂಗಿ ನೋಡುತ್ತಿರುತ್ತದೆ. ವ್ಯತ್ಯಾಸ 30 ಮಿಲಿಆಂಪ್ ತಲುಪಿದರೆ, ಎಲ್ಲೋ ಸೋರುತ್ತಿದೆ, ಯಾರದೋ ಮೈಯಿಂದಲೇ ನೆಲಕ್ಕೆ ಹರಿಯುತ್ತಿರಬಹುದು ಎಂದು ತಿಳಿದು 0.3 ಸೆಕೆಂಡಿನೊಳಗೆ ಕಡಿದುಹಾಕುತ್ತದೆ. 30 ಮಿಲಿಆಂಪ್ ಅಂದರೆ 16 ಆಂಪಿನ ಐನೂರರಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಎಂಸಿಬಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ.

"ಅರ್ಥಿಂಗ್ ಇದೆಯಲ್ಲ, ಇದು ಯಾಕೆ ಬೇಕು?" ಎಂದು ಓದಿದವರೂ ಕೇಳುತ್ತಾರೆ. ಅದಕ್ಕೂ ಲೆಕ್ಕದಲ್ಲೇ ಉತ್ತರ ಇದೆ. ಗೀಸರಿನ ಕಾಯಿಲ್ ಒಡೆದು ಅದರ ಮೈಗೆ ಫೇಸ್ ತಾಗಿತು ಎನ್ನಿ. ಕರೆಂಟ್ ಅರ್ಥ್ ವೈರಿನಲ್ಲಿ ಹೋಗಿ ಹಿತ್ತಲಿನ ಅರ್ಥ್ ಗುಂಡಿಗೆ ಇಳಿಯುತ್ತದೆ. ಇದ್ದಿಲು, ಉಪ್ಪು ತುಂಬಿ ಮಾಡಿದ ಆ ಗುಂಡಿ ಹೊಸದಿದ್ದಾಗ ಚೆನ್ನಾಗಿರುತ್ತದೆ. 20 ವರ್ಷ ಯಾರೂ ಒಂದು ಕೊಡ ನೀರು ಹಾಕದೆ ಏಪ್ರಿಲ್ ತಿಂಗಳಲ್ಲಿ ಒಣಗಿ ನಿಂತಾಗ ಅದರ ತಡೆ 20 ಓಂ ಆಗಿರಬಹುದು. 230 ವೋಲ್ಟನ್ನು 20 ಓಂನಿಂದ ಭಾಗಿಸಿ, ಹನ್ನೊಂದೂವರೆ ಆಂಪ್. 16 ಆಂಪಿನ ಎಂಸಿಬಿ ಅದಕ್ಕೆ ಯಾವತ್ತೂ ಬೀಳುವುದಿಲ್ಲ. ಗೀಸರಿನ ಮೈ, ಅದಕ್ಕೆ ಜೋಡಿಸಿದ ನಲ್ಲಿ, ಶವರು ಎಲ್ಲದರಲ್ಲೂ ಕರೆಂಟ್ ಇದ್ದೇ ಇರುತ್ತದೆ. ತಡೆ 5 ಓಂ ಇರುವ ಒಳ್ಳೆಯ ಅರ್ಥ್ ಇದ್ದರೂ ಹರಿಯುವುದು 46 ಆಂಪ್. ಈ ಮನೆಯ 32 ಆಂಪಿನ ಎಂಸಿಬಿಗೆ ಅದು 1.44 ಪಟ್ಟು. ಬೀಳಲು ಒಂದು ಗಂಟೆ ಬೇಕಾದರೂ ಆಶ್ಚರ್ಯವಿಲ್ಲ. ಬಚ್ಚಲಿನಲ್ಲಿ ಒದ್ದೆ ಮೈಯಲ್ಲಿ ನಿಂತ ಮನುಷ್ಯನಿಗೆ ಒಂದು ಗಂಟೆ! ಅರ್ಥೂ ಬೇಕು, ಆರ್‌ಸಿಸಿಬಿಯೂ ಬೇಕು.

ಹಾಗಾದರೆ ಯಾಕೆ ಬೈಪಾಸ್ ಮಾಡಿದರು? ಟೀಚರಿಗೆ ನೆನಪಿತ್ತು. "ಇನ್ವರ್ಟರ್ ಹಾಕಿಸಿದ ದಿನದಿಂದ ಅದು ಬೀಳ್ತಾನೇ ಇತ್ತು. ಇಎಲ್‌ಸಿಬಿ ಕೆಟ್ಟಿದೆ ಅಂದ್ರು. ಆಮೇಲೆ ಏನೋ ಸರಿ ಮಾಡಿದ್ರು." ಇದು ನಾನು ಮನೆ ಮನೆಯಲ್ಲಿ ನೋಡುವ ಕತೆ. ಇನ್ವರ್ಟರ್ ಕೂರಿಸುವವರು ಮೇನ್‌ನಿಂದ, ಅಂದರೆ ಆರ್‌ಸಿಸಿಬಿಗಿಂತ ಮೊದಲೇ, ಫೇಸ್ ತೆಗೆದುಕೊಳ್ಳುತ್ತಾರೆ. ಇನ್ವರ್ಟರಿನಿಂದ ಹೊರಬಂದ ಫೇಸನ್ನು ಲೈಟು ಫ್ಯಾನುಗಳಿಗೆ ಕೊಡುತ್ತಾರೆ. ಆದರೆ ಲೈಟು ಫ್ಯಾನುಗಳ ನ್ಯೂಟ್ರಲ್ಲನ್ನು ಇದ್ದ ಕಡೆಯೇ, ಮನೆಯ ನ್ಯೂಟ್ರಲ್ ವೈರುಗಳೆಲ್ಲ ಸೇರುವ ಲಿಂಕ್ ಎಂಬ ಪಟ್ಟಿಯಲ್ಲೇ ಬಿಡುತ್ತಾರೆ. ಆಗ ಕರೆಂಟ್ ಹೋಗುವುದು ಆರ್‌ಸಿಸಿಬಿಯ ಹೊರಗಿನ ದಾರಿಯಲ್ಲಿ, ವಾಪಸ್ ಬರುವುದು ಅದರ ಒಳಗಿನ ದಾರಿಯಲ್ಲಿ. ತಕ್ಕಡಿ ತೂಗುವುದು ಹೇಗೆ? ಒಂದು ಫ್ಯಾನ್ ಹಾಕಿದರೂ ಬೀಳುತ್ತದೆ. ಆರ್‌ಸಿಸಿಬಿ ಸರಿಯಾಗಿಯೇ ಹೇಳಿತ್ತು, ಅದನ್ನು ಕೆಟ್ಟಿದೆ ಎಂದು ಪಕ್ಕಕ್ಕೆ ಸರಿಸಿದರು.

ಸರಿಯಾದ ದಾರಿ ಕಷ್ಟದ್ದೇನಲ್ಲ. ಇನ್ವರ್ಟರಿಗೆ ಹೋಗುವ ಫೇಸೂ ನ್ಯೂಟ್ರಲ್ಲೂ ಎರಡೂ ಆರ್‌ಸಿಸಿಬಿ ಆದ ಮೇಲಿನಿಂದ ಹೋಗಬೇಕು. ಇನ್ವರ್ಟರ್ ಲೈಟುಗಳ ನ್ಯೂಟ್ರಲ್ಲುಗಳನ್ನೆಲ್ಲ ಬಿಡಿಸಿ ಬೇರೆ ಲಿಂಕಿಗೆ ತಂದು ಅದನ್ನು ಇನ್ವರ್ಟರಿನ ನ್ಯೂಟ್ರಲ್‌ಗೇ ಸೇರಿಸಬೇಕು. ಕರೆಂಟ್ ಹೋಗಿ ಬ್ಯಾಟರಿಯಲ್ಲಿ ಓಡುವಾಗಲೂ ಕಾವಲು ಬೇಕಲ್ವಾ? ಮೇನ್ ಆರ್‌ಸಿಸಿಬಿ ಬಿದ್ದರೂ ಇನ್ವರ್ಟರ್ ಕೊಡುತ್ತಲೇ ಇರುತ್ತದೆ. ಅದಕ್ಕಾಗಿ ಇನ್ವರ್ಟರಿನಿಂದ ಹೊರಬರುವ ಲೈನಿಗೆ ಇನ್ನೊಂದು ಪುಟ್ಟ ಆರ್‌ಸಿಸಿಬಿ. ಯಾವ ನ್ಯೂಟ್ರಲ್ ಯಾವುದರದು ಎಂದು ಒಂದೊಂದೇ ಹುಡುಕಿ ಬಿಡಿಸುವುದಕ್ಕೆ ಅರ್ಧ ದಿನ ಬೇಕು. ಆ ಅರ್ಧ ದಿನಕ್ಕೆ ದುಡ್ಡು ಕೊಡುವವರಿಲ್ಲ ಎಂಬುದೇ ಇಲ್ಲಿನ ಗಂಟು. ನಮ್ಮಲ್ಲಿ ವೈರಿಂಗಿಗೆ ಪಾಯಿಂಟ್ ಲೆಕ್ಕದಲ್ಲಿ ದುಡ್ಡು. ಇಷ್ಟು ಲೈಟ್ ಪಾಯಿಂಟ್, ಇಷ್ಟು ಪವರ್ ಪಾಯಿಂಟ್. ಡಿಬಿಯೊಳಗೆ ವೈರ್ ಹೊಂದಿಸಿ, ಲಗ್ ಹಾಕಿ, ಟೆಸ್ಟ್ ಮಾಡಿ, ಹೆಸರು ಬರೆಯುವುದು ಯಾವ ಪಾಯಿಂಟೂ ಅಲ್ಲ. ಸಂಜೆ ಆರು ಗಂಟೆಗೆ ಇನ್ನೊಂದು ಸೈಟಿಗೆ ಓಡಬೇಕಾದ ಹುಡುಗ ಅದನ್ನು ಹೇಗೋ ಮುಗಿಸಿ ಹೋಗುತ್ತಾನೆ. ಅವನಿಗೆ ಹೇಳಿಕೊಟ್ಟವರಿಲ್ಲ. ಮನೆ ಕಟ್ಟಿಸುವವರು ಟೈಲ್ಸ್ ಆರಿಸಲು ನಾಲ್ಕು ಅಂಗಡಿ ಸುತ್ತುತ್ತಾರೆ. ಡಿಬಿ ಕೆಲಸಕ್ಕೆ ಬೇರೆಯಾಗಿ ಕೂಲಿ ಮಾತಾಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಆ ಮನೆಯ ಮೂರನೇ ತೊಂದರೆ ಮೇಲಿನ ಮಹಡಿಯಲ್ಲಿತ್ತು. ಕವಲು ತೆಗೆದಾಗ ಫೇಸು, ನ್ಯೂಟ್ರಲ್ ಎರಡೇ ವೈರ್ ಎಳೆದಿದ್ದರು. ಅರ್ಥಿನ ಹಸಿರು ವೈರ್ ಇಲ್ಲವೇ ಇಲ್ಲ. ಮೂರು ಪಿನ್ನಿನ ಸಾಕೆಟ್ಟಿನ ಅರ್ಥ್ ಪಿನ್ನಿಗೂ ನ್ಯೂಟ್ರಲ್‌ಗೂ ಒಂದು ಮೋಟು ವೈರ್ ಕಟ್ಟಿಬಿಟ್ಟಿದ್ದರು. ಟೆಸ್ಟ್ ಲ್ಯಾಂಪ್ ಇಟ್ಟು ನೋಡಿದರೆ ಅರ್ಥ್ ಇದ್ದಂತೆಯೇ ಉರಿಯುತ್ತದೆ. ಆದರೆ ಎಲ್ಲಾದರೂ ಹಿಂದೆ ಆ ನ್ಯೂಟ್ರಲ್ ಕಿತ್ತುಹೋದರೆ ಇಸ್ತ್ರಿಪೆಟ್ಟಿಗೆಯ ಮೈ, ಗೀಸರಿನ ಮೈ ಎಲ್ಲಕ್ಕೂ ಪೂರ್ತಿ 230 ವೋಲ್ಟ್ ಬರುತ್ತದೆ, ಉಪಕರಣದಲ್ಲಿ ಯಾವ ದೋಷ ಇಲ್ಲದಿದ್ದರೂ. ಅರ್ಥ್ ಇಲ್ಲದ ಸಾಕೆಟ್ಟಿಗಿಂತ ಇದು ಕೆಟ್ಟದ್ದು. ನಾನು ಅವತ್ತೇ ಆ ಮೋಟು ವೈರುಗಳನ್ನು ಕತ್ತರಿಸಿ, ಮೇಲಿನ ಆ ಲೈನನ್ನು ಬಂದ್ ಮಾಡಿದೆ.

ನ್ಯೂಟ್ರಲ್ ಮಾತು ಬಂತಲ್ಲ, ಮೂರು ಫೇಸ್ ಕನೆಕ್ಷನ್ ಇರುವವರಿಗೆ ಒಂದು ಮಾತು. ಮೇನ್ ನ್ಯೂಟ್ರಲ್ ಸಡಿಲವಾದರೆ ಒಂದು ಕೋಣೆಯ ಬಲ್ಬು ಕಣ್ಣು ಕುಕ್ಕುವಂತೆ ಉರಿಯುತ್ತದೆ, ಇನ್ನೊಂದರಲ್ಲಿ ಚಿಮಣಿ ದೀಪದಂತೆ ಮಂಕಾಗುತ್ತದೆ. ಎರಡು ಫೇಸಿನ ನಡುವಿನ 400 ವೋಲ್ಟ್ ಮನೆಯ ಉಪಕರಣಗಳ ಮಧ್ಯೆ ಮನಬಂದಂತೆ ಹಂಚಿಹೋಗುತ್ತಿರುತ್ತದೆ. ಯಾವ ಎಂಸಿಬಿಯೂ ಬೀಳುವುದಿಲ್ಲ. ಫ್ರಿಜ್, ಟಿವಿ, ವೈಫೈ ಸಾಲಾಗಿ ಹೋಗುತ್ತವೆ. ಹಾಗೆ ಕಂಡರೆ ಯೋಚಿಸುತ್ತ ನಿಲ್ಲಬೇಡಿ, ಮೇನ್ ಆಫ್ ಮಾಡಿ. ಅಕ್ಕಪಕ್ಕದ ಮನೆಯಲ್ಲೂ ಹಾಗೇ ಇದ್ದರೆ ದೋಷ ಕಂಬದ ಕಡೆ, 1912ಕ್ಕೆ ಫೋನ್ ಮಾಡಿ. ನಿಮ್ಮ ಮನೆಯಲ್ಲಿ ಮಾತ್ರ ಇದ್ದರೆ ಹೆಚ್ಚಾಗಿ ಡಿಬಿಯ ನ್ಯೂಟ್ರಲ್ ಸ್ಕ್ರೂ, ಇಲ್ಲವೇ ಮೀಟರಿನ ಹತ್ತಿರದ ಜಾಯಿಂಟ್. ಮೀಟರಿನ ಸೀಲ್ ಮಾತ್ರ ಯಾರೂ ಮುಟ್ಟಬಾರದು, ಅದು ವಿದ್ಯುತ್ ಕಂಪನಿಯವರೇ ಬಿಚ್ಚಬೇಕು.

ಮಲೆನಾಡಿನವರಿಗೆ, ಕರಾವಳಿಯವರಿಗೆ ಇನ್ನೊಂದು. ತೀರ್ಥಹಳ್ಳಿ ಕಡೆಯ ಸಂಬಂಧಿಕರ ಮನೆಯಲ್ಲಿ ಮಳೆಗಾಲ ಬಂದರೆ ಆರ್‌ಸಿಸಿಬಿ ನಿಲ್ಲುತ್ತಿರಲಿಲ್ಲ. ನೋಡಿದರೆ ತಾರಸಿಯ ಮೇಲೆ ವೈರ್ ಹಾಯುವ ಒಂದು ಕಂಡ್ಯೂಟ್ ಪೈಪು ಬಾಯಿ ತೆರೆದು ನಿಂತಿತ್ತು. ಮಳೆನೀರು ಅದರೊಳಗೆ ಇಳಿದು ನೇರ ಡಿಬಿಯ ನೆತ್ತಿಗೆ ತೊಟ್ಟಿಕ್ಕುತ್ತಿತ್ತು. ಟರ್ಮಿನಲ್ಲುಗಳಲ್ಲಿ ಹಸಿರು ಕಿಲುಬು. ಪೈಪಿನ ಬಾಯಿ ಮುಚ್ಚಿ, ಕಿಲುಬು ಹಿಡಿದದ್ದನ್ನು ಬದಲಾಯಿಸಿದ ಮೇಲೆ ಸರಿಹೋಯಿತು.

ಇಷ್ಟೆಲ್ಲ ಕೇಳಿದ ಮೇಲೆ ಟೀಚರ್ ಹೆದರಿದರು. "ಹಾಗಾದ್ರೆ ಮನೆಯೆಲ್ಲ ಗೋಡೆ ಒಡೆದು ಹೊಸ ವೈರಿಂಗ್ ಮಾಡಿಸಬೇಕಾ?" ಬೇಡ. ಅಪಾಯ ಜಾಸ್ತಿ ಇರುವ ಕಡೆಯಿಂದ ಶುರು ಮಾಡಿದರೆ ದುಡ್ಡೂ ಉಳಿಯುತ್ತದೆ, ನಿದ್ದೆಯೂ ಬರುತ್ತದೆ. ಮೊದಲ ದಿನ ಮಾಡಿದ್ದು ಎಂಸಿಬಿಗಳನ್ನು ವೈರಿಗೆ ತಕ್ಕಂತೆ ಬದಲಾಯಿಸಿದ್ದು, ಬೆಂದ ವೈರ್ ಕತ್ತರಿಸಿ ಲಗ್ ಹಾಕಿದ್ದು, ಡಿಬಿಯ ಪ್ರತಿ ಸ್ಕ್ರೂ ಬಿಗಿದದ್ದು. ಎಂಸಿಬಿಗೆ ಕೆಲವು ನೂರು ರೂಪಾಯಿ. ಎರಡನೇ ದಿನ ಇನ್ವರ್ಟರ್ ನ್ಯೂಟ್ರಲ್ಲುಗಳನ್ನು ಬಿಡಿಸಿ, ಬೈಪಾಸ್ ಕಿತ್ತುಹಾಕಿ, ಆರ್‌ಸಿಸಿಬಿಗೆ ಜೀವ ಕೊಟ್ಟೆವು. ಹಿತ್ತಲಿನ ಅರ್ಥ್ ಗುಂಡಿ ಸಿಮೆಂಟಿನಡಿ ಹೂತುಹೋಗಿತ್ತು. ಹೊಸದೊಂದು ಪೈಪ್ ಹೊಡೆದು ಅರ್ಥ್ ಟೆಸ್ಟರಿನಲ್ಲಿ ಅಳೆದೆವು. ಮೇಲಿನ ಗೀಸರಿಗೆ ಬೇರೆ ಲೈನ್ ಎಳೆಯುವುದನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡೆವು. ಅಲ್ಲಿಯವರೆಗೆ ಎಲ್ಲರೂ ಕೆಳಗಿನ ಬಚ್ಚಲಿನಲ್ಲೇ ಸ್ನಾನ.

ಹಳೆ ವೈರ್ ಉಳಿಸಿಕೊಳ್ಳಬಹುದೇ ಇಲ್ಲವೇ ಎಂಬುದನ್ನು ಕಣ್ಣಳತೆಯಲ್ಲಿ ಹೇಳಬಾರದು. ಮೆಗ್ಗರ್ ಎಂಬ ಉಪಕರಣ 500 ವೋಲ್ಟ್ ಡಿಸಿ ಹಾಕಿ ವೈರಿನ ಹೊದಿಕೆ ಎಷ್ಟು ಗಟ್ಟಿ ಇದೆ ಎಂದು ಅಳೆಯುತ್ತದೆ. ಅಳತೆ 1 ಮೆಗಾಓಂಗಿಂತ ಕಡಿಮೆ ಬರಬಾರದು. ಆ ಮನೆಯ ಕೆಳಗಿನ ಲೈನುಗಳೆಲ್ಲ ಚೆನ್ನಾಗಿದ್ದವು. ಗೀಸರ್ ಲೈನ್ ಮಾತ್ರ ಸೋತಿತ್ತು. ಅದೊಂದನ್ನು ಎಳೆದು ಹೊಸದು ಹಾಕಿದೆವು. ನೀವು ಎಲೆಕ್ಟ್ರಿಷಿಯನ್ ಕರೆಸಿದಾಗ ಅವರ ಕೈಯಲ್ಲಿ ಮೆಗ್ಗರ್ ಇದೆಯಾ, ವೈರ್ ಬಿಚ್ಚದೆ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದೆಯಾ ಕೇಳಿ. ಲೈಸೆನ್ಸ್ ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ, ಅದನ್ನೂ ಕೇಳಿ ನೋಡಬಹುದು, ಸಂಕೋಚ ಬೇಡ. ಡಿಬಿಯ ಮುಚ್ಚಳ ತೆಗೆದಾಗ ಒಂದು ಫೋಟೋ, ಕೆಲಸ ಮುಗಿದಾಗ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ವೈರ್ ತರಿಸುವಾಗ ಐಎಸ್‌ಐ ಗುರುತು ನೋಡಿ. ತುದಿಯ ತಾಮ್ರವನ್ನು ಬ್ಲೇಡಿನಲ್ಲಿ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ಮಾಲು, ವಾಪಸ್ ಕಳಿಸಿ.

ಮನೆಯವರು ಮಾಡಬಹುದಾದ ಕೆಲಸವೂ ಉಂಟು, ಅದಕ್ಕೆ ಸ್ಕ್ರೂಡ್ರೈವರ್ ಬೇಡ. ಬೆಳಿಗ್ಗೆ ಗೀಸರ್ ಅರ್ಧ ಗಂಟೆ ಓಡಿದ ಮೇಲೆ ಡಿಬಿಯ ಹತ್ತಿರ ನಿಂತು ಮೂಗು, ಕಿವಿ ಕೊಡಿ. ಗುಂಯ್ ಎಂಬ ಸದ್ದು, ಚಿಟಿಚಿಟಿ, ವಾಸನೆ ಇದೆಯೇ? ಮುಚ್ಚಿದ ಬಾಗಿಲ ಮೇಲೆ ಒಣ ಕೈ ಹಿಂಭಾಗ ಇಟ್ಟು ನೋಡಿ, ಒಂದು ಜಾಗ ಮಾತ್ರ ಬಿಸಿ ಇದೆಯೇ? ತಿಂಗಳಿಗೊಮ್ಮೆ ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ಒತ್ತಿ. ಲಿವರ್ ಬಿದ್ದರಷ್ಟೇ ಸಾಲದು, ಮನೆಯ ಕರೆಂಟೂ ಹೋಗಬೇಕು. ಬೈಪಾಸ್ ಆಗಿದ್ದರೆ ಲಿವರ್ ಬಿದ್ದರೂ ಕರೆಂಟ್ ಇರುತ್ತದೆ. ಇನ್ವರ್ಟರ್ ಮನೆಯಲ್ಲಿ ಲೈಟ್ ನೋಡಿ ಮೋಸಹೋಗಬೇಡಿ, ಫ್ರಿಜ್ ನಿಂತಿತಾ ನೋಡಿ. ಹೊಗೆ ಕಂಡರೆ ಮೇನ್ ಆಫ್ ಮಾಡಿ ದೂರ ಬನ್ನಿ, ನೀರು ಎರಚಬೇಡಿ.

ಮುಂದಿನ ತಿಂಗಳು ಮೇಲಿನ ಗೀಸರಿಗೆ 4 ಸ್ಕ್ವೇರ್ ಎಂಎಂ ವೈರ್ ಬೇರೆಯಾಗಿ ಎಳೆದೆವು, ಹಸಿರು ವೈರ್ ಸಮೇತ. ಅದಕ್ಕೆ ಅದರದೇ 20 ಆಂಪಿನ ಎಂಸಿಬಿ. ಮೇಲಿನ ಕೋಣೆಯ ಸಾಕೆಟ್ಟಿಗೂ 2.5ರ ಬೇರೆ ಲೈನ್. ಎರಡೂ ಗೀಸರ್, ಇಸ್ತ್ರಿಪೆಟ್ಟಿಗೆ ಎಲ್ಲ ಒಟ್ಟಿಗೆ ಹಾಕಿ ಅರ್ಧ ಗಂಟೆ ಕಾದೆವು. ಕ್ಲ್ಯಾಂಪ್ ಮೀಟರಿನಲ್ಲಿ ಮೇಲಿನ ಗೀಸರಿನದು 8.6 ಆಂಪ್. ಡಿಬಿ ತಣ್ಣಗಿತ್ತು. ಅಷ್ಟರಲ್ಲಿ ಟೀಚರ್ ಡಿಬಿ ಬಾಗಿಲ ಒಳಗೆ ಅಂಟಿಸಲು ಒಂದು ಚೀಟಿ ಬರೆದಿದ್ದರು, ಬೋರ್ಡಿನ ಮೇಲೆ ಬರೆದಂಥ ದುಂಡು ಅಕ್ಷರದಲ್ಲಿ: ಕೆಳಗಿನ ಗೀಸರ್, ಮೇಲಿನ ಗೀಸರ್, ಅಡುಗೆಮನೆ, ಪಂಪು. ಕ್ಯಾಲೆಂಡರನ್ನು ಪಕ್ಕದ ಗೋಡೆಗೆ ಸಾಗಿಸಿದ್ದರು.

"ಈಗಲೂ ಒಂದು ವೇಳೆ ಬಿದ್ರೆ?" ಎಂದು ಕೇಳಿದರು.

"ಒಂದು ಸಲ ಎತ್ತಿ ನೋಡಿ ಅಮ್ಮ. ಎರಡನೇ ಸಲ ಬಿದ್ರೆ ಎತ್ತಬೇಡಿ, ನನಗೆ ಫೋನ್ ಮಾಡಿ" ಎಂದೆ. ಅದನ್ನೂ ಚೀಟಿಯ ಕೆಳಗೆ ಬರೆದುಕೊಂಡರು.